ನಾನು ಕಹಿ ಅಂದ ಬಿಯರು

ಕಾಕಾರ ಬಲಗೈಯಲ್ಲಿ ಬೆರಳಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಚರ್ಮ ಸಿಪ್ಪೆ ತೆಗೆದ ಶೇಂಗಾದ ಹಾಗೆ ನುಣ್ಣಗೆ ಮಿರುಗುತ್ತಿತ್ತು. ಪುಣೆಯ ಕಡೆ ಒಂದು ಬಿಯರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುದಿಯುವ ಹಂಡೆಗಳ ಮೇಲೆ ಬಾಗಿ ದುಡಿದದ್ದರ ಗುರುತು ಅದು. ನಿವೃತ್ತರಾದ ಮೇಲೆ ನಿಪ್ಪಾಣಿಗೆ ಬಂದು ನಮ್ಮ ಪಕ್ಕದ ಮನೆಯಲ್ಲಿ ನೆಲೆಸಿದರು. ರಕ್ತಸಂಬಂಧವೇನೂ ಇಲ್ಲ. ಆದರೂ ಅವರು ನನಗೆ ಕಾಕಾ, ಅವರ ಹೆಂಡತಿ ಕಾಕು.

ಬಂದ ವರ್ಷವೇ ಅವರಿಗೆ ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗು ನಾಲಿಗೆ ಎರಡನ್ನೂ ಒಯ್ದಿತು. ಉಪ್ಪು, ಸಿಹಿ, ಕಹಿ ಯಾವುದೂ ತಿಳಿಯದಾಯಿತು. ಮಿರಜಿನ ಡಾಕ್ಟರರು ಗುಳಿಗೆ ಕೊಟ್ಟು, ಕಾದು ನೋಡಿ ಅಂದರು.

"ಇವರಿಗೆ ಗೋಡಿ ಸುಣ್ಣಾ ಕೆರದು ಹಾಕಿದ್ರೂ ಉಣ್ತಾರ ನೋಡು," ಎಂದು ಕಾಕು ನಗುತ್ತಿದ್ದರು.

"ನಿನ್ನ ಕೈ ಅಡಗಿ ಉಂಡು ಉಂಡು ನಾಲಿಗಿ ತಾನ ಓಡಿ ಹೋತು," ಎನ್ನುತ್ತಿದ್ದರು ಕಾಕಾ.

ಆದರೆ ಒಳಗೆ ಅವರಿಗೆ ಬೇರೊಂದು ಹಂಬಲವಿತ್ತು. "ಮೂವತ್ತ ವರ್ಷ ಇನ್ನೊಬ್ರ ಬರದ ಚೀಟಿ ನೋಡಿ ಕುದಿಸೀನಿ ತಮ್ಮಾ. ನನ್ನದು ಅಂತ ಒಂದ ಹಂಡೇನೂ ಕುದಿಸಿಲ್ಲ," ಎಂದು ಒಮ್ಮೆ ಹೇಳಿದ್ದರು. ರೈ ಎಂಬ ಧಾನ್ಯಕ್ಕೆ ಜೇನು ಕೂಡಿಸಿ ಬಿಯರು ಮಾಡಬೇಕೆಂಬುದು ಅವರ ಲೆಕ್ಕ. ರೈ ನಮ್ಮ ಸೀಮೆಯಲ್ಲಿ ಬೆಳೆಯುವುದಿಲ್ಲ. ನೋಡಲು ಗೋಧಿಯಂತೆ, ಇನ್ನಷ್ಟು ತೆಳ್ಳಗೆ, ಬೂದು ಬಣ್ಣ. ಹಳೆಯ ಜೊತೆಗಾರನೊಬ್ಬ ಅದನ್ನು ಪುಣೆಯಿಂದ ಬಸ್ಸಿನಲ್ಲಿ ಹಾಕಿ ಕಳಿಸಿದ. ಕಾಕುವಿನ ತವರು ಮಂಗಸೂಳಿ; ಅಲ್ಲಿಂದ ಅವರ ಅಣ್ಣ ಬೇವಿನ ಗಿಡದಲ್ಲಿ ಕಟ್ಟಿದ ಜೇನನ್ನು ಬಿಡಿಸಿ ತಂದುಕೊಟ್ಟರು. ಕಾಕಾ ಕಾಳನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಸಪ್ಪಳ ಕೇಳುತ್ತಿದ್ದರು. ಹಿತ್ತಲ ಕೋಣೆಯಲ್ಲಿ ಹುಳಿಯುತ್ತಿದ್ದ ಕ್ಯಾನಿಗೆ ಕಿವಿ ಹಚ್ಚಿ ಕೂಡುತ್ತಿದ್ದರು. "ಮೂಗು ಹೋದ್ರ ಹೋಗಲಿ, ಕಿವಿ ಐತಲ್ಲ."

ಕಿವಿಗೆ ರುಚಿ ತಿಳಿಯುವುದಿಲ್ಲವಲ್ಲ. ಅದಕ್ಕೆ ಅವರು ನನ್ನನ್ನು ಕರೆದರು.

ನಾನು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ನೋಡುವವನಾಗಿದ್ದೆ. ಓದಿದ್ದು ಮೆಟ್ರಿಕ್‌ವರೆಗೆ. ಆದರೆ ಒಂದು ಚಿಟಿಕೆ ಮೂಸಿ, ಬೆರಳಲ್ಲಿ ತಿಕ್ಕಿ, ಇದು ಒಂದನೇ ನಂಬರು, ಇದು ಮೂರನೇದು ಅಂದರೆ ವ್ಯಾಪಾರಿಗಳು ಮರುಮಾತಾಡುತ್ತಿರಲಿಲ್ಲ. ಒಮ್ಮೆ ಕೊಳ್ಳುವವನ ಮುಂದೆ ನಂಬರು ಹೇಳಿದ ಮೇಲೆ ನಾನೂ ಹಿಂದೆ ತೆಗೆಯುತ್ತಿರಲಿಲ್ಲ. ನಮ್ಮ ಕೆಲಸದ ಮರ್ಯಾದೆಯೇ ಅದು.

ಆ ದಿನ ಮಧ್ಯಾಹ್ನ ವಖಾರಿಯಿಂದ ನೆಟ್ಟಗೆ ಅವರ ಮನೆಗೆ ಹೋದೆ. ಕಾಗವಾಡದ ದ್ರಾಕ್ಷಿ ತೋಟದ ಸಾಹುಕಾರರೊಬ್ಬರು ಬಂದು ಕೂತಿದ್ದರು. ಬಿಯರು ಚೆನ್ನಾಗಿದ್ದರೆ ಲೈಸೆನ್ಸು, ಜಾಗ, ಬಂಡವಾಳ ಎಲ್ಲ ಅವರದು, ಹಂಡೆ ಕಾಕಾರದು ಎಂದು ಮಾತಾಗಿತ್ತು. ಆದರೆ ಸಾಹುಕಾರರ ಕೊರಳಲ್ಲಿ, ಹೆಂಡ ಮುಟ್ಟದ ಪಂಢರಪುರದ ವಾರಕರಿಗಳ ತುಳಸಿ ಮಾಲೆ.

"ಮಾಲಿ ಹಾಕ್ಕೊಂಡು ಬಿಯರ್ ಧಂದಾ ಏನ್ರಿ ಸಾವಕಾರ್ರ?" ಎಂದೆ.

"ಮಾಲಿ ಕುಡ್ಯಾಕ ಅಡ್ಡ ಬರತೈತ್ರಿ, ಮಾರಾಕಲ್ಲ," ಎಂದು ನಕ್ಕರು. "ನಾಲಿಗಿ ನಿಮ್ಮದು. ನೀವು ಹೂಂ ಅಂದ್ರ ನಾ ನಾಳೇನ ಬೆಳಗಾವಿಗೆ ಹೋಗಿ ಅರ್ಜಿ ಕೊಡ್ತೀನಿ."

ಕಾಕಾ ಗ್ಲಾಸಿಗೆ ಸುರಿದರು. "ಬಿಯರಿಗೆ ಕಹಿ ಇರೂದ ತಮ್ಮಾ. ಅದು ಬಂದು ಹೋಗಬೇಕು. ಗಂಟಲಾಗ ಕುಂತಕೊಂಡ್ರ ಕೆಟ್ಟೈತಿ ಅಂತ ತಿಳಿ." ನೊರೆ ಉಕ್ಕಿ ಅಂಚಿನಿಂದ ಇಳಿಯಿತು. ನಾನು ಹೆಬ್ಬೆರಳಿನಿಂದ ಅಂಚು ಒರೆಸಿ, ಬೆರಳು ನೆಕ್ಕಿ, ಒಂದು ಗುಟುಕು ಕುಡಿದೆ. ಕಹಿ ಗಂಟಲಿಗೆ ಹೊಕ್ಕು ಅಲ್ಲೇ ಉರಿಯುತ್ತ ಕೂತಿತು.

"ಕುಂತೈತಿ ಕಾಕಾ," ಎಂದೆ. "ನಡ್ಯಾಂಗಿಲ್ಲ."

ಕಾಕಾ ನನ್ನ ಮುಖ ನೋಡಿದರು. ಮತ್ತೊಮ್ಮೆ ಕುಡಿ ಅನ್ನಲಿಲ್ಲ. "ಬೇವಿನ ಜೇನು," ಎಂದಷ್ಟೇ ಅಂದರು. ಬಾಗಿಲಲ್ಲಿ ನಿಂತಿದ್ದ ಕಾಕು ತಲೆ ತಗ್ಗಿಸಿದರು. ಸಾಹುಕಾರರು ಕೈಮುಗಿದು ಹೊರಗೆ ಹೋದರು.

ಕಾಕು ಊಟಕ್ಕೆ ಕರೆದು ಕೈಗೆ ನೀರು ಹಾಕಿದರು. ಸಾಬೂನು ಹಚ್ಚಿ ತಿಕ್ಕಿದೆ. ಕಂದು ನೀರು ಇಳಿಯಿತು. ವಖಾರಿಯ ಧೂಳು. ಬಾಯಿ ಮುಕ್ಕಳಿಸಿ, ಉಳಿದದ್ದನ್ನು ಚೆಲ್ಲಬಾರದೆಂದು ಗ್ಲಾಸಿನ ಇನ್ನೊಂದು ಮಗ್ಗುಲಿಗೆ ತುಟಿ ಹಚ್ಚಿ ಕುಡಿದೆ. ಮೊದಲು ಮೆಣಸಿನಂತೆ ಸಣ್ಣ ಚುರುಕು. ಆಮೇಲೆ ಕಹಿ ಬಂತು, ಹೋಯಿತು. ಅದು ಹೋದ ಜಾಗದಲ್ಲಿ ಜೇನು, ಸಿಹಿಯಿಲ್ಲದೆ ಬರೀ ಪರಿಮಳವಾಗಿ ಉಳಿಯಿತು. ಅಂಥದ್ದನ್ನು ನಾನು ಹಿಂದೆಂದೂ ಕುಡಿದಿರಲಿಲ್ಲ. ಗಂಟಲಲ್ಲಿ ಕೂತ ಕಹಿಯಿದ್ದದ್ದು ನನ್ನ ಬೆರಳಲ್ಲಿ.

ಹೊರಗೆ ಸಾಹುಕಾರರ ಮೋಟಾರ್‌ಸೈಕಲ್ಲು ಚಾಲೂ ಆಗುತ್ತಿರಲಿಲ್ಲ. ಅವರು ಕಿಕ್ ಹೊಡೆಯುತ್ತಲೇ ಇದ್ದರು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಆ ಮನುಷ್ಯನಿಗೆ ನಿಪ್ಪಾಣಿಯ ಪೇಟೆಯೆಲ್ಲ ಪರಿಚಯ. ಎಲೆ ನೋಡುವವನಿಗೆ ತನ್ನ ಬೆರಳಿನ ತಂಬಾಕೇ ತಿಳಿಯಲಿಲ್ಲವಂತೆ ಎಂಬ ಮಾತು ಸಂಜೆಯೊಳಗೆ ಎಲ್ಲ ವಖಾರಿಗಳಿಗೂ ಮುಟ್ಟುತ್ತಿತ್ತು. ರೊಟ್ಟಿ ಮುರಿಯುತ್ತ ಕೂತೆ. ಏಳೆಂಟು ಕಿಕ್ಕಿಗೆ ಗಾಡಿ ಚಾಲೂ ಆಯಿತು. ಸದ್ದು ಓಣಿ ದಾಟಿ ಹೋಯಿತು.

ಮರುದಿನ ಕಾಕಾ ಬಾಟಲಿಗಳನ್ನೆಲ್ಲ ಹಿತ್ತಲ ಬಚ್ಚಲಿಗೆ ಸುರಿದರು. ಒಂದೊಂದೇ ಎತ್ತಿಕೊಟ್ಟವನು ನಾನೇ. ಬೇರೆ ಯಾರಿಗಾದರೂ ಕುಡಿಸಿ ನೋಡ್ರಿ ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತು. ಅವರ ಮೇಲೂ ನನಗೆ ಸಿಟ್ಟಿತ್ತು, ಈಗಲೂ ಇದೆ. ಒಬ್ಬನ ಮಾತಿಗೆ ಹಾಗೆ ಕೊರಳು ಕೊಡುವುದೇ? ಇನ್ನೊಂದು ನಾಲಿಗೆ ಊರಲ್ಲಿ ಇರಲಿಲ್ಲವೇ? ಜೇನೇ ಕೆಡಿಸಿತೆಂದು ಮಂಗಸೂಳಿಯ ಅಣ್ಣನ ಜೊತೆ ಆ ಮನೆಯವರ ಮಾತು ವರ್ಷಗಟ್ಟಲೆ ನಿಂತಿತು. ಅದನ್ನೂ ನೋಡುತ್ತ ಸುಮ್ಮನಿದ್ದೆ. ಕಾಕಾ ಮತ್ತೆ ಹಂಡೆ ಒಲೆಯ ಮೇಲಿಡಲಿಲ್ಲ.

ಐದಾರು ವರ್ಷದ ಮೇಲೆ ಅವರು ಮಿರಜಿನ ಆಸ್ಪತ್ರೆಯಲ್ಲಿ ಮಲಗಿದರು. ಅಷ್ಟರಲ್ಲಿ ನಾನೂ ವಖಾರಿ ಬಿಟ್ಟಿದ್ದೆ. ಕಳೆದುಕೊಳ್ಳುವ ಹೆಸರು ಉಳಿದಿರಲಿಲ್ಲ, ಆಗ ಧೈರ್ಯ ಬಂತು. ಮಂಚದ ಪಕ್ಕ ಕೂತು ಬೆರಳು, ಧೂಳು, ಎರಡನೇ ಗುಟುಕು, ಗಾಡಿಯ ಕಿಕ್ಕು ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಜೇನು ಯಾವಾಗ ಬಂತು? ಮೊದಲೋ, ಕಡೀಕೋ?"

"ಕಡೀಕ ಬಂತ್ರಿ ಕಾಕಾ. ಕಹಿ ಹೋದ ಮ್ಯಾಲ."

"ಸೀ ಇತ್ತೇನು?"

"ಇಲ್ರಿ. ಬರೇ ವಾಸನಿ."

ಅವರು ಕಣ್ಣು ತೆರೆದು ನನ್ನ ಕಡೆ ತಿರುಗಿದರು.

"ಖರೇ ಹೇಳಾಕತ್ತಿಯೋ ತಮ್ಮಾ," ಎಂದರು, "ನಾ ಸಾಯಾಕತ್ತೀನಿ ಅಂತ ಹೇಳಾಕತ್ತಿಯೋ?"

ಖರೇ ಎಂದು ಆಣೆ ಮಾಡಿ ಹೇಳಿದೆ. ಕಾಕಾ ಗೋಡೆಯ ಕಡೆ ಹೊರಳಿದರು. ನಾಲ್ಕನೆಯ ದಿನ ಹೋದರು. ಅಂದು ಸುಳ್ಳನ್ನು ಒಂದೇ ಮಾತಿಗೆ ನಂಬಿದ ಮನುಷ್ಯ ಈ ಖರೇ ಮಾತನ್ನು ನಂಬಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ.