ಸೀರೆ ಪೆಟ್ಟಿಗೆಯಲ್ಲಿಟ್ಟ ಈರುಳ್ಳಿ ಬೀಜ

ಕಳೆದ ಭಾನುವಾರ ಬೆಳಗಿನ ಬಸ್ಸಿಗೇ ಮಾರ್ಟಳ್ಳಿಯಿಂದ ಸೆಲ್ವಿ ಬಂದಿಳಿದಳು. ಕಂಕುಳಲ್ಲಿ ಒಂದು ಗೋಣಿಚೀಲ. ಅದನ್ನು ಒದ್ದೆ ಮಾಡಿ, ಈರುಳ್ಳಿ ಪೈರು ಸುತ್ತಿಕೊಂಡು ಹೋಗಬೇಕೆಂದು ತಂದಿದ್ದಳು.

ನಮ್ಮ ಟೆರೇಸಿನಲ್ಲಿ ಅವಳಿಗೆ ತೋರಿಸಲು ಏನಿತ್ತು? ಬರೀ ಮಣ್ಣು ತುಂಬಿದ ಮೂರು ಟ್ರೇ. ಬಿತ್ತಿ ತಿಂಗಳ ಮೇಲಾಗಿತ್ತು. ಒಂದು ಹಸಿರು ಎಳೆಯೂ ಎದ್ದಿರಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆ. (ನಿಜ ಹೇಳುತ್ತೇನೆ, ಧೈರ್ಯ ಬರಲಿಲ್ಲ.)

ಸೆಲ್ವಿ ನನ್ನ ಸೋದರತ್ತೆ ಚಿಕ್ಕತಾಯಮ್ಮನ ಸೊಸೆ. ಅತ್ತೆ ಕೊಳ್ಳೇಗಾಲದ ನಮ್ಮ ಮಗ್ಗದ ಮನೆಯಿಂದ ಮಾರ್ಟಳ್ಳಿಯ ಬೇಸಾಯದ ಮನೆ ಸೇರಿದವಳು. ಅವಳು ಬೆಳೆಯುತ್ತಿದ್ದದ್ದು ಸಣ್ಣ, ಕೆಂಪು ಈರುಳ್ಳಿ. ಅಂಗಡಿಯ ಬೀಜ ತಂದವಳೇ ಅಲ್ಲ. ಒಳ್ಳೆಯ ಗಡ್ಡೆಗಳನ್ನು ಆರಿಸಿ, ಜಡೆ ಹೆಣೆದು ಅಟ್ಟದಲ್ಲಿ ತೂಗುಹಾಕುವಳು. ಮರುವರ್ಷ ಅವನ್ನೇ ನೆಟ್ಟು, ಹೂ ಬಿಡಿಸಿ, ಬೀಜ ಉದುರಿಸಿಕೊಳ್ಳುವಳು. ಆರ್ಗ್ಯಾನಿಕ್ ಎಂಬ ಪದ ಅವಳಿಗೆ ಗೊತ್ತಿರಲಿಲ್ಲ. (ಗೊತ್ತಿದ್ದಿದ್ದರೆ ಕೊಟ್ಟಿಗೆ ಗೊಬ್ಬರಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ ಎನ್ನುತ್ತಿದ್ದಳು.)

ಆ ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಒಣಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ಒರಳಲ್ಲಿ ರುಬ್ಬಿದರೆ ಗೊಜ್ಜು. ಬಿಸಿ ಮುದ್ದೆಗೆ ಅದೊಂದಿದ್ದರೆ ಸಾಕು. ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ.

ಮೂರು ವರ್ಷದ ಹಿಂದೆ ಅತ್ತೆ ಒಂದು ಬಟ್ಟೆಯ ತುಂಡಿನಲ್ಲಿ ಬೀಜ ಗಂಟು ಕಟ್ಟಿ ನನಗೆ ಕೊಟ್ಟಳು. ಎರಡೇ ತಿಂಗಳಿಗೆ ತೀರಿಕೊಂಡಳು. ತಿಥಿಯ ದಿನ ಅಡುಗೆಗೆ ಬಂದವರು ಕೈಗೆ ಸಿಕ್ಕಿದ್ದನ್ನೆಲ್ಲ ಹೆಚ್ಚಿದರು, ಅಟ್ಟದ ಮೇಲಿದ್ದ ಬೀಜದ ಗಡ್ಡೆಗಳನ್ನೂ. ಸೆಲ್ವಿ ನೋಡುವ ಹೊತ್ತಿಗೆ ಎಲ್ಲ ಸಾರಿನಲ್ಲಿತ್ತು. ಆಮೇಲೆ ಅವಳು ತಮಿಳುನಾಡು ಗಡಿಯ ಪಾಲಾರಿನವರೆಗೂ ವಿಚಾರಿಸಿದಳು. ಎಲ್ಲರದ್ದೂ ಪ್ಯಾಕೆಟ್ ಬೀಜ. ಉಳಿದದ್ದು ನನ್ನ ಗಂಟು ಮಾತ್ರ.

ಒಂದು ಚಿಟಿಕೆಯಾದರೂ ಕೊಡು ಎಂದು ಸೆಲ್ವಿ ಆ ವರ್ಷವೇ ಕೇಳಿದಳು. ಮೊದಲು ನಾನು ಬಿತ್ತಿ ಹೆಚ್ಚು ಮಾಡುತ್ತೇನೆ, ಆಮೇಲೆ ಕೊಡುತ್ತೇನೆ ಎಂದೆ. ಮರುವರ್ಷ ಕೇಳಿದಾಗಲೂ ಅದೇ ಉತ್ತರ. ಬಿತ್ತಿದೆನಾ? ಇಲ್ಲ. ಅತ್ತೆಯ ಕೈ ಹಾಕಿದ ಗಂಟು ಅದು. ಬಿಚ್ಚಲು ಮನಸ್ಸಾಗಲಿಲ್ಲ. ಕೊಡಲಂತೂ ಆಗಲೇ ಇಲ್ಲ.

ನಾವು ರೇಷ್ಮೆ ಮನೆಯವರು. ಹಳೆ ಸೀರೆಗಳನ್ನು ವರ್ಷಕ್ಕೊಮ್ಮೆ ಹೊರಗೆ ತೆಗೆದು, ನೆರಳಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡುತ್ತೇವೆ. ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ. ಬೀಜದ ಗಂಟಿಗೂ ಅದೇ ಉಪಚಾರ ಮಾಡಿದೆ. ತೆಗೆದು, ಮೂಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಸೀರೆಗಳ ನಡುವೆ ಇಟ್ಟೆ. ಎಷ್ಟು ಜೋಪಾನ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಈ ಸಲ ಆ ಗೊಜ್ಜಿನ ಆಸೆ ತಡೆಯಲಾಗದೆ ಅಷ್ಟನ್ನೂ ಬಿತ್ತಿದೆ. ಪೈರು ಒಯ್ಯಲು ಬಾ ಎಂದು ಸೆಲ್ವಿಗೆ ನಾನೇ ಹೇಳಿದ್ದೆ.

ಸೆಲ್ವಿ ಮಣ್ಣು ಕೆದಕಿ ಒಂದು ಕಪ್ಪು ಬೀಜ ಹೆಕ್ಕಿದಳು. ಉಗುರಲ್ಲಿ ಒತ್ತಿದಳು. ಒಳಗೆ ಏನೂ ಇರಲಿಲ್ಲ.

"ಈರುಳ್ಳಿ ಬೀಜ ಒಂದ್ ವರ್ಸ ತಡಿತದೆ, ಎಚ್ಚಂದ್ರೆ ಎರಡು ಕಣಕ್ಕ," ಎಂದಳು. "ಅದ್ಕೇ ಅತ್ತೆ ವರ್ಸವರ್ಸವೂ ಬಿತ್ತೋರು. ಮಿಕ್ಕಿದ್ದ ಕೇಳ್ದೋರ್ಗೆಲ್ಲ ಕೊಟ್ಬುಡೋರು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನಗೆ ಗೊತ್ತಿರಲಿಲ್ಲ ಕಣೇ ಎಂದೆ. ಗೊತ್ತಿದ್ದರೆ ಕೊಡುತ್ತಿದ್ದೆನಾ? ಅದನ್ನು ಅವಳು ಕೇಳಲಿಲ್ಲ, ನಾನೇ ಕೇಳಿಕೊಂಡೆ.

ಮಧ್ಯಾಹ್ನ ಅಂಗಡಿಯ ಈರುಳ್ಳಿ ತಂದು ಗ್ಯಾಸಿನ ಮೇಲೆ ಸುಟ್ಟು ಗೊಜ್ಜು ಮಾಡಿದೆ. (ಪೊಟ್ಟಣದ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಆರ್ಗ್ಯಾನಿಕ್' ಎಂದಿತ್ತು.) ಚೆನ್ನಾಗಿದೆ ಎಂದಳು ಸೆಲ್ವಿ. ಇಬ್ಬರೂ ತಲೆ ಎತ್ತದೆ ಉಂಡೆವು. ಅತ್ತೆ ಸತ್ತಾಗ ಅತ್ತದ್ದಕ್ಕಿಂತ ಆ ಊಟದಲ್ಲಿ ನನಗೆ ಹೆಚ್ಚು ಸಂಕಟವಾಯಿತು.

ಸಂಜೆ ಬಸ್ಸಿಗೆ ಅವಳು ಬರಿಗೈಯಲ್ಲಿ ಹೋದಳು. ಕೇಳಿದ ದಿನವೇ ಅವಳಿಗೆ ನಾಲ್ಕು ಕಾಳು ಕೊಟ್ಟಿದ್ದರೆ, ಇವತ್ತು ಅವಳ ಮುಂದೆ ನಾನು ಕೈಯೊಡ್ಡಬಹುದಿತ್ತು.