ಗಾಳಿ ಚೀಲ ಒತ್ತಿದ ಮಧ್ಯಾಹ್ನ

ಇಂಥದ್ದನ್ನು ನಾನು ನಂಬಿದವಳಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಎರಡು ಸಲ ಪರೀಕ್ಷೆಯಲ್ಲಿ ಸೋತು ಮೂರನೇ ಸಲಕ್ಕೆ ಮೆಡಿಕಲ್ ಸೀಟು ಗಿಟ್ಟಿಸಿಕೊಂಡೆ. ಅಷ್ಟು ಕಷ್ಟಪಟ್ಟು ಕಲಿತದ್ದು ಅಂತೆಕಂತೆಗಳಿಗೆ ತಲೆಯಾಡಿಸಲಿಕ್ಕಲ್ಲ ಎಂಬ ಜಂಬ ನನಗಿತ್ತು. ಈಗಲೂ ಇದೆ. ಆದರೂ ಇದನ್ನು ಬರೆಯದೆ ಇರಲಾರೆ.

ಆಗ ನಾನು ದೊಡ್ಡ ಸರಕಾರಿ ದವಾಖಾನೆಯಲ್ಲಿ ಇಂಟರ್ನ್. ಹಿಂದೆ ಬರೀ ದವಾಖಾನೆಯಾಗಿದ್ದದ್ದು, ಕಾಲೇಜು ಬಂದ ಮೇಲೆ ನಮ್ಮಂಥವರಿಗೆ ಪಾಠಶಾಲೆಯೂ ಆಯಿತು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರಿಗೆ ಏನೇ ಆಗಲಿ, ಕೊನೆಗೆ ಗಾಡಿ ಬಂದು ನಿಲ್ಲುವುದು ಅಲ್ಲೇ.

ಒಂದು ಮಧ್ಯಾಹ್ನ ಸೊನ್ನ ಎಂಬ ಹಳ್ಳಿಯ ಕಡೆಯಿಂದ ಹಾವು ಕಚ್ಚಿದ ಹೆಣ್ಣುಮಗಳನ್ನು ತಂದರು. ಕಣ್ಣು ಮುಚ್ಚಿತ್ತು, ಮೈ ಅಲುಗದು, ಉಸಿರು ನಿಂತಿತ್ತು. ಎದೆ ಮಾತ್ರ ಬಡಿಯುತ್ತಿತ್ತು. ಗಂಟಲಿಗೆ ನಳಿಕೆ ಹಾಕಿ, ವಿಷಕ್ಕೆ ಇಂಜೆಕ್ಷನ್ ಕೊಟ್ಟೆವು. ವೆಂಟಿಲೇಟರ್ ಒಂದೂ ಖಾಲಿ ಇರಲಿಲ್ಲ. "ಒತ್ತಕೋತ ಇರು, ನಿಲ್ಲಸಬ್ಯಾಡ" ಎಂದು ಹಿರಿಯ ಡಾಕ್ಟರು ನಳಿಕೆಗೆ ಜೋಡಿಸಿ ಕೈಯಿಂದ ಉಸಿರು ತುಂಬುವ ಗಾಳಿ ಚೀಲವನ್ನು ನನ್ನ ಕೈಗಿಟ್ಟರು.

ನಮ್ಮ ಕಡೆ ಜೀವ ಮನೆಯಲ್ಲೇ ಹೋಗಬೇಕು ಎನ್ನುತ್ತಾರೆ. ಅವಳ ಅತ್ತೆ ಆಗಲೇ ಜೀಪು ತರಿಸಿದ್ದಳು.

"ಜೀವ ಇರೂವಾಗನ ಮನಿಗಿ ಒಯ್ತೇವ್ರಿ, ಬಿಡ್ರಿ."

"ಇದನ್ನ ಬಿಟ್ರ ಗೇಟ್ ದಾಟೂದ್ರಾಗ ಹೋಗ್ತಾಳ, ಯವ್ವಾ. ವಿಷ ಇಳದ್ರ ಕಣ್ ತೆರೀತಾಳ. ಸಂಜೀತನ ತಡೀರಿ."

"ನೀ ಇನ್ನಾ ಕಲಿಯಾಕಿ ಬೇ! ನನ್ನ ಸೊಸಿ ಮ್ಯಾಲ ಕಲೀತಿಯೇನು?"

"ಹೌದ್ರಿ, ಕಲಿಯಾಕತ್ತೇನಿ. ಆಕಿನ್ನ ಉಳಿಸೂದು ಕಲಿಯಾಕತ್ತೇನಿ."

ಮುದುಕಿ ಗೊಣಗುತ್ತ ಬಾಗಿಲಲ್ಲಿ ಕುಳಿತಳು. ಎರಡು ತಾಸಾಗುವಷ್ಟರಲ್ಲಿ ನನ್ನ ಬಲಗೈ ಸೆಟೆದುಹೋಯಿತು. ಇನ್ನಾಗದು ಅನ್ನುವಾಗ ಒಮ್ಮೆಲೇ ಹಗುರಾಯಿತು. ದಣಿವೇ ಇಲ್ಲ! ಯಾರೋ ನನ್ನ ಬೆರಳ ಮೇಲೆ ಬೆರಳಿಟ್ಟು ಒತ್ತುತ್ತಿದ್ದಾರೆ ಎನಿಸಿತು. ಸಂಜೆ ಅವಳ ಹೆಬ್ಬೆರಳು ಅಲುಗಿತು. ಆಮೇಲೆ ರೆಪ್ಪೆ. ಆಮೇಲೆ ತಾನೇ ಉಸಿರೆಳೆದಳು. ನಾನು ಚೀರಿದ್ದಕ್ಕೆ ವಾರ್ಡಿಗೆ ವಾರ್ಡೇ ಓಡಿ ಬಂತು!

ಆ ಖುಷಿಯಲ್ಲೇ ಜಿಡಗಾ ಹತ್ತಿರದ ನಮ್ಮೂರಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಶುರುಮಾಡಿದಳು: "ತೊಗರಿ ಹೊಲದಾಗ ಕಸಾ ತೆಗಿಯಾಕತ್ತಿದ್ದೆ ನೋಡು, ಬಲಗೈ ತಾನಾ ಮುಚ್ಚೂದು ತೆರಿಯೂದು ಮಾಡಾಕತ್ತು. ಖುರ್ಪಿ ಹಿಡಿಯಾಕೂ ಬರಲಿಲ್ಲ. ಈಗ ಒಂದ್ ಗಳಿಗಿ ಹಿಂದ ನಿಂತು. ಏನರ ರೋಗ ಅದ ಏನ?"

ವಿಷ ನರಗಳನ್ನು ಹೇಗೆ ಕಟ್ಟುತ್ತದೆ, ಹೇಗೆ ಬಿಡುತ್ತದೆ ಎಂದು ವಿವರಿಸಬಲ್ಲೆ. ಆ ಹೆಣ್ಣುಮಗಳು ತಾನೇ ನಡೆದು ಮನೆಗೆ ಹೋದಳು. ಮುಂದಿನ ವಾರ ಅವ್ವನನ್ನು ಕರೆಸಿ ಪರೀಕ್ಷೆ ಮಾಡಿಸಿದೆ. ನರಗಳು ಸರಿಯಾಗಿವೆ, ರೋಗವಿಲ್ಲ ಎಂದರು.

"ರೋಗ ಅಲ್ಲಂದ್ರ ಮತ್ತ ಏನ್ರಿ ಅದು?" ಎಂದಳು ಅವ್ವ.

ಹಿರಿಯ ಡಾಕ್ಟರು ನನ್ನತ್ತ ನೋಡಿದರು. ನಾನು ಅವ್ವನ ಬಲಗೈ ತೆಗೆದುಕೊಂಡು ನನ್ನ ಬೆರಳ ಮೇಲೆ ಇಟ್ಟುಕೊಂಡೆ.