ಪಿನಾಂಗಿನ ಕಲ್ಲುಕುಟಿಗ ಶಿವಾರಪಟ್ಟಣಕ್ಕೆ ಬಂದದ್ದು

ಮಲಯದ ಪಿನಾಂಗಿಗೆ ಬಂದಿಳಿದ ಮೂರನೆಯ ದಿನ ನನ್ನ ಮುಂದೆ ಒಂದು ಕರಿಯ ಚಪ್ಪಡಿ ತಂದಿಟ್ಟರು. ಅದರ ಮೇಲೆ ಮಸಿಯಲ್ಲಿ ಬರೆದ ಕಾಗದ ಅಂಟಿಸಿ, ಕೆತ್ತು ಎಂದು ಕೈಸನ್ನೆ ಮಾಡಿದರು. ಕಾಗದದ ಮೇಲಿದ್ದದ್ದು ಚೀನೀ ಅಕ್ಷರ, ಮೇಲಿನಿಂದ ಕೆಳಕ್ಕೆ ಇಳಿಯುವ ಸಾಲು. ಯಾವುದು ತಲೆ, ಯಾವುದು ಕಾಲು ಎಂದು ತಿಳಿಯಲಿಲ್ಲ. ಕೇಳೋಣವೆಂದರೆ ಭಾಷೆ ಇಲ್ಲ. ಸಂಜೆಯ ಹೊತ್ತಿಗೆ ಹನ್ನೊಂದು ಅಕ್ಷರ ಕೆತ್ತಿ ಮುಗಿಸಿದೆ. ಅದು ಸತ್ತ ಮನುಷ್ಯನೊಬ್ಬನ ಹೆಸರು, ಅವನ ಊರು ಎಂದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಶಿವಾರಪಟ್ಟಣದಲ್ಲಿ ಹುಟ್ಟಿ, ಚಿಕ್ಕಂದಿನಿಂದ ದೇವರ ವಿಗ್ರಹಗಳ ಕಲ್ಲುಚೂರು ಗುಡಿಸುತ್ತ ಬೆಳೆದವನು ನಾನು. ಪರದೇಶದಲ್ಲಿ ನನ್ನ ಉಳಿಗೆ ಸಿಕ್ಕ ಮೊದಲ ಕೆಲಸ ಒಂದು ಗೋರಿಕಲ್ಲು.

ಇಲ್ಲಿ ಮಾಲೀಕನನ್ನು ತೌಕೆ ಎನ್ನುತ್ತಾರೆ. ನಮ್ಮ ಗೋರಿಕಲ್ಲಿನ ಅಂಗಡಿಯ ತೌಕೆ ಚೀನೀಯ, ಮಾತು ಕಡಿಮೆ. ಕೆಲಸ ಸರಿಯಿದ್ದರೆ ಹೂಂ ಎನ್ನುತ್ತಾನೆ, ತಪ್ಪಿದ್ದರೆ ಅದೂ ಇಲ್ಲ. ಅಂಗಡಿಯ ಮೇಲಿನ ಅಟ್ಟದಲ್ಲಿ ನಾವು ಐವರು ಕೆಲಸಗಾರರು ಮಲಗುತ್ತಿದ್ದೆವು. ಅಂಗಡಿಗಳ ಮುಂದೆ ಬೀದಿಯುದ್ದಕ್ಕೂ ಮಾಡು ಇಳಿಸಿದ ಜಗಲಿ ಇರುತ್ತದೆ. ಮಲಯದವರು ಅದಕ್ಕೆ ಕಾಕಿ ಲೀಮಾ, ಅಂದರೆ ಐದು ಅಡಿ, ಎಂದೇ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಜಗಲಿ ಮನೆಯವರದ್ದು, ಇಲ್ಲಿ ಜಗಲಿ ದಾರಿಹೋಕರದ್ದು. ಜಡಿಮಳೆಯಲ್ಲೂ ಜನ ಮೈ ನೆನೆಯದೆ ಜಗಲಿಯಿಂದ ಜಗಲಿಗೆ ನಡೆದು ಹೋಗುವುದನ್ನು ಮೊದಮೊದಲು ಬಾಯಿ ಬಿಟ್ಟುಕೊಂಡು ನೋಡಿದೆ.

ಭಾಷೆ ಬಂದದ್ದು ಊಟದ ದಾರಿಯಿಂದ. ಎದುರು ಸಿಕ್ಕವರೆಲ್ಲ "ಸುದಾ ಮಾಕಾನ್?" ಎನ್ನುತ್ತಿದ್ದರು. ಏನೋ ಬೈಯುತ್ತಿದ್ದಾರೆ ಎಂದುಕೊಂಡಿದ್ದೆ. ಊಟ ಆಯಿತೇ ಎಂದು ಕೇಳುತ್ತಿದ್ದಾರೆಂದು ತಮಿಳಿನ ಜೊತೆಗಾರನೊಬ್ಬ ಬಿಡಿಸಿ ಹೇಳಿದಾಗ ಕಣ್ಣು ತುಂಬಿತು. ನಮ್ಮೂರಲ್ಲೂ ಮೊದಲು ಕೇಳುವುದು ಅದನ್ನೇ ಅಲ್ಲವೇ. ಆದರೆ ಅಲ್ಲಿ ಕೇಳಿದರೆ ಮುದ್ದೆ ನೆನಪಾಗುತ್ತದೆ, ಇಲ್ಲಿ ಮೂರು ಹೊತ್ತೂ ಅನ್ನ, ಮೀನಿನ ವಾಸನೆ. ನಾಲ್ಕನೆಯ ವರ್ಷ ಒಂದು ತಮಿಳರ ಅಂಗಡಿಯ ಮೂಲೆಯಲ್ಲಿ ರಾಗಿಯ ಚೀಲ ಕಂಡೆ. ಆ ಭಾನುವಾರ ಅಟ್ಟದಲ್ಲಿ ಮುದ್ದೆ ತೊಳಸಿದೆ. ಗಂಟುಗಂಟಾಯಿತು. ಆದರೂ ಬಿಡದೆ ಎಲ್ಲವನ್ನೂ ಉಂಡೆ.

ಊರು ಬಿಟ್ಟ ಕಾರಣವನ್ನು ಈವರೆಗೆ ಯಾರಿಗೂ ಬರೆದಿರಲಿಲ್ಲ. ನನ್ನ ದೊಡ್ಡಪ್ಪನ ಕೈಕೆಳಗೆ ಕೆಲಸ ಕಲಿತವರು ನಾನು ಮತ್ತು ನನ್ನ ಓರಗೆಯ ಗೆಳೆಯ ಕಾಳಾಚಾರಿ, ಇಬ್ಬರೇ. ನನ್ನ ಕೈ ಒರಟು. ಕಾಳನ ಕೈ ಹಾಗಲ್ಲ. ಇಪ್ಪತ್ತನೆಯ ವಯಸ್ಸಿಗೇ ಒಂದು ವೇಣುಗೋಪಾಲನ ವಿಗ್ರಹದ ಬೆರಳುಗಳನ್ನು ಅವನಿಗೆ ಬಿಟ್ಟುಕೊಟ್ಟರು ದೊಡ್ಡಪ್ಪ. ಕೊಳಲಿನ ಮೇಲೆ ಊರಿಯೂ ಊರದಂತಿದ್ದ ಆ ಬೆರಳುಗಳನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಕಿರುಬೆರಳಿನ ಉಗುರಿನ ಅಂಚನ್ನು ನಾನೂ ತಿದ್ದಬಲ್ಲೆನೇ ನೋಡೋಣವೆಂದು ಸಣ್ಣ ಉಳಿ ಎತ್ತಿಕೊಂಡೆ. ಒಂದೇ ಪೆಟ್ಟು. ಎರಡು ಬೆರಳು ಕಳಚಿ ನನ್ನ ಕಾಲ ಬಳಿ ಬಿದ್ದವು. ಅವನ್ನು ಪೀಠದ ಮೇಲಿಟ್ಟು ಊಟಕ್ಕೆ ಹೋದೆ.

ದೊಡ್ಡಪ್ಪ ಬಂದು ನೋಡಿ, "ಯಾರದು ಇದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಳ ಹೇಳಿದ: "ನಂದೇ ಇರ್ಬೇಕು. ನಿನ್ನೆ ಸಾಯಂಕಾಲ ಅಲ್ಲೊಂದು ಪೆಟ್ಟು ಜಾಸ್ತಿ ಬಿದ್ದಂಗಿತ್ತು." ನಾನು ಬಾಯಿ ತೆರೆಯಲೇ ಇಲ್ಲ. ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ. ಕಾಳನೇ ಅದನ್ನು ಗಾಡಿಯಲ್ಲಿ ಒಯ್ದು ಕೆರೆಗೆ ಬಿಟ್ಟು ಬಂದ. ಅವನನ್ನು ಒರಳುಕಲ್ಲು, ಬೀಸುವ ಕಲ್ಲಿನ ಕೆಲಸಕ್ಕೆ ಹಾಕಿದರು. ಅವನ ಮುಖ ನೋಡುವುದು ನನಗೆ ಆಗದಾಯಿತು. ಪಿನಾಂಗಿನ ಕಲ್ಲುಕೆಲಸಕ್ಕೆ ಜನ ಕರೆದೊಯ್ಯಲು ಮದರಾಸಿನಿಂದ ಬಂದಿದ್ದ ಮೇಸ್ತ್ರಿಯ ಹಿಂದೆ ಹೊರಟುಬಿಟ್ಟೆ. ದೊಡ್ಡಪ್ಪ ತೀರಿಕೊಂಡ ಸುದ್ದಿಯೂ ನನಗೆ ಸಮುದ್ರದಾಚೆಗೇ, ನಮ್ಮ ಕಡೆಯಿಂದ ಬಂದ ಕೂಲಿಯೊಬ್ಬನ ಬಾಯಿಂದ ಬಂತು.

ಒಂಬತ್ತನೆಯ ವರ್ಷ, ಚೀನೀಯರು ಹಿರಿಯರ ಗೋರಿಗಳಿಗೆ ಹೋಗುವ ಹಬ್ಬ ಮುಗಿದು ಕೆಲಸ ಇಳಿದ ಮೇಲೆ, ತೌಕೆ ನನಗೆ ರಜೆ ಕೊಟ್ಟ. ಹಡಗಿನ ಮೇಲಟ್ಟದಲ್ಲಿ ಒಂದು ವಾರ, ಮದರಾಸಿನಿಂದ ರೈಲು. ಮಾಲೂರಿನಲ್ಲಿ ಇಳಿದು, ಗಂಟು ಇಳಿಸಿಕೊಟ್ಟವನಿಗೆ "ತೆರಿಮಾ ಕಾಸಿ" ಎಂದುಬಿಟ್ಟೆ. ಅದು ಮಲಯದವರ ಉಪಕಾರಸ್ಮರಣೆಯ ಮಾತು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವೂರಾಯ್ತು ಸ್ವಾಮಿ ತಮ್ದು?" ಎಂದ.

ಜಟಕಾದಲ್ಲಿ ಕುಳಿತು ಬರುವಾಗ ಎರಡು ಬದಿಯನ್ನೂ ಕಣ್ಣರಳಿಸಿ ನೋಡಿದೆ. ಪಿನಾಂಗಿನಲ್ಲಿ ನಮ್ಮ ಅಂಗಡಿಗೆ ಕಲ್ಲು ಹಡಗಿನಲ್ಲಿ ಬರುತ್ತದೆ, ಹುಲ್ಲು ಸುತ್ತಿ, ಅಳತೆಗೆ ಕೊಯ್ದು. ಇಲ್ಲಿ ಅದು ಹೊಲದ ನಡುವೆ, ಹುಣಿಸೆಮರದ ಬೆನ್ನಿಗೆ, ಕೆರೆಯ ದಂಡೆಯಲ್ಲಿ, ಆನೆಗಳ ಹಿಂಡು ಮಲಗಿದ ಹಾಗೆ ಯಾರ ಅಪ್ಪಣೆಯನ್ನೂ ಕೇಳದೆ ಬಿದ್ದುಕೊಂಡಿದೆ. ಇಪ್ಪತ್ತು ವರ್ಷ ಇದರ ನಡುವೆಯೇ ಇದ್ದೆ, ಕಂಡಿರಲಿಲ್ಲ. ಜಟಕಾದವನಿಗೆ ನಿಲ್ಲಿಸಲು ಹೇಳಿ, ಇಳಿದು ಒಂದು ಬಂಡೆಯ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಕಾದು ಹಸುವಿನ ಮೈಯಂತೆ ಬೆಚ್ಚಗಿತ್ತು.

ಕಾಳ ಮನೆಯ ಮುಂದಿನ ಚಪ್ಪರದಲ್ಲಿ ಒರಳುಕಲ್ಲಿನ ಗುಳಿ ತೋಡುತ್ತಿದ್ದ. ತಲೆಯೆತ್ತಿ ನೋಡಿದವನು ಸುತ್ತಿಗೆ ಬಿಟ್ಟು ಓಡಿಬಂದ.

"ಲೇ ವೀರಾ! ಬದ್ಕಿದ್ದೀಯೇನ್ಲಾ! ಒಂದ್ ಕಾಗ್ದ ಹಾಕಕ್ಕೂ ಆಗ್ಲಿಲ್ವಾ ನಿಂಗೆ?"

ಅವನ ಹೆಂಡತಿ ಮುನಿಯಮ್ಮ ಪುಂಗನೂರಿನ ಕಡೆಯವಳು, ತೆಲುಗು ಮನೆಮಾತು. "ರಾ ಅಣ್ಣಾ, ಕೂತ್ಕೋ. ಮೊದ್ಲು ಊಟ, ಆಮೇಲೆ ಮಾತು," ಎಂದು ಎಲೆ ಹಾಕಿದಳು. ಮುದ್ದೆ, ಅವರೆಕಾಳಿನ ಸಾರು. ಗಂಟಿಲ್ಲದ ಮುದ್ದೆ ನುಣ್ಣಗೆ ಗಂಟಲಿಳಿಯುವಾಗ ನನ್ನ ತಪ್ಪನ್ನು ಹೇಳಿಬಿಡಬೇಕೆನಿಸಿತು. ಅವನ ನಗು ನೋಡಿ ಆಗಲಿಲ್ಲ.

ನಾಲ್ಕನೆಯ ದಿನ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ಹಿರಿಯರಿಬ್ಬರು ಬಂದರು, ಬುಟ್ಟಿಯ ತುಂಬ ಮಾವಿನಹಣ್ಣು ಹೊರಿಸಿಕೊಂಡು. ಊರಿನ ಗುಡಿಗೆ ವೇಣುಗೋಪಾಲನ ವಿಗ್ರಹ ಆಗಬೇಕಾಗಿತ್ತು. ಕಾಳ ಕೈಮುಗಿದ.

"ನಂದಿ ಕೇಳಿ, ನಾಗರಕಲ್ಲು ಕೇಳಿ, ಮಾಡ್ಕೊಡ್ತೀನಿ. ಬೆರಳಿನ ಕೆಲ್ಸ ನಾನು ಮುಟ್ಟಲ್ಲ ಸ್ವಾಮಿ. ನನ್ ಕೈ ಸರಿಯಿಲ್ಲ."

"ನಿಮ್ಮ ಗುರುಗಳು ಇದ್ದಾಗ ನಿಮ್ ಹೆಸ್ರೇ ಹೇಳ್ತಿದ್ರಂತಲ್ಲಪ್ಪಾ," ಎಂದರು ಒಬ್ಬರು.

"ಅದು ಆವಾಗ," ಎಂದು ಕಾಳ ಒಳಗೆ ಹೋದ. ಹಿರಿಯರು ಯೋಚಿಸಿ ಹೇಳಿ ಎಂದು ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದರು. ಮಾವಿನ ಪರಿಮಳ ಮನೆಯೆಲ್ಲ ತುಂಬಿತ್ತು. ನನಗೆ ಒಂದು ಹೋಳೂ ಇಳಿಯಲಿಲ್ಲ.

ಮುಳಬಾಗಿಲಿನಲ್ಲಿ ನಮ್ಮಿಬ್ಬರಿಗೂ ಬೇಕಾದ ಇನ್ನೊಬ್ಬ ಗೆಳೆಯನಿದ್ದ, ಬಾಷಾ. ಕುದುರೆಗಳಿಗೆ ಲಾಳ ಕಟ್ಟುವ ಮನೆತನ. ನಮ್ಮ ಉಳಿಗಳಿಗೆ ಬೆಂಕಿಯಲ್ಲಿ ಹದ ಕೊಡುತ್ತಿದ್ದವನೂ ಅವನೇ. ಅವನನ್ನು ನೋಡಿ, ಕುರುಡುಮಲೆಯ ಗಣಪನನ್ನೂ ನೋಡಿಬರೋಣವೆಂದು ಹೊರಟೆವು. ಕೋಲಾರದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕೋಲಾರ ದಾಟುತ್ತಿದ್ದಂತೆ ಬಸ್ಸಿನೊಳಗಿನ ಮಾತು ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಉರ್ದುವಿಗೆ ದಾಟಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಪಿನಾಂಗಿನಲ್ಲಿ ನಾಲ್ಕು ಭಾಷೆಯ ಬೀದಿಯನ್ನು ನೋಡಿ ಬೆರಗಾಗಿದ್ದೆನಲ್ಲ, ನನ್ನ ಸೀಮೆಯೂ ಮೊದಲಿನಿಂದ ಹಾಗೇ ಇತ್ತು.

"ಅರೇ ವೀರಾ! ಕಿತ್ತೆ ದಿನಾಂ ಹುಯೆ ರೇ!" ಎಷ್ಟು ದಿನವಾಯಿತೋ ಎನ್ನುತ್ತ ಬಾಷಾ ಅಪ್ಪಿಕೊಂಡ. ಅಂಗಿಯಲ್ಲಿ ಅದೇ ಇದ್ದಿಲಿನ ವಾಸನೆ. ಮೂವರೂ ಅವನ ಗುರುತಿನ ಜಟಕಾದಲ್ಲಿ ಕುರುಡುಮಲೆಗೆ ಹೋದೆವು. ಬಾಷಾ ಹೊರಗೆ ಬೇವಿನ ಮರದಡಿ ಕುಳಿತ. ನಾನೂ ಕಾಳನೂ ಒಳಗೆ ಹೋದೆವು.

ಹುಡುಗರಾಗಿದ್ದಾಗ ದೊಡ್ಡಪ್ಪ ನಮ್ಮನ್ನು ಇಲ್ಲಿಗೆ ಕರೆತಂದು ಬರಿದೆ ನೋಡಿ ಎಂದಿದ್ದರು. ಆಗ ನೋಡಿದ್ದು ದೊಡ್ಡ ಹೊಟ್ಟೆ ಮಾತ್ರ. ಈಗ ಹೊರಗಿನ ಬಿಸಿಲಿನಿಂದ ಕತ್ತಲೆಗೆ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಮೊದಲು ಪಾದ ಕಂಡಿತು, ಆಮೇಲೆ ಮಂಡಿ, ಸೊಂಡಿಲು. ತಲೆಯನ್ನು ಹಿಂದಕ್ಕೆ ಬಾಗಿಸಿದರೂ ಇನ್ನೂ ಮೇಲಕ್ಕೆ ಇತ್ತು ಕಲ್ಲು. ಎರಡಾಳನ್ನು ಮೀರಿದ ಒಂದೇ ಬಂಡೆ, ಎಲ್ಲಿಯೂ ಸಂದಿಲ್ಲ. ಒಂಬತ್ತು ವರ್ಷ ನಾನು ಕೆತ್ತಿದ ಹೆಸರುಗಳೆಲ್ಲ ಒಂದು ಬೆರಳಿನ ಆಳದವು. ಇಲ್ಲಿ ಯಾರೋ ಒಂದು ಹೆಸರನ್ನೂ ಕೆತ್ತದೆ ಇಡೀ ಬಂಡೆಯನ್ನು ಎಬ್ಬಿಸಿ ಕೂರಿಸಿ ಹೋಗಿದ್ದರು. ಅಲ್ಲಿ ಸುಳ್ಳು ಹೊತ್ತು ನಿಲ್ಲುವುದು ನನ್ನಿಂದಾಗಲಿಲ್ಲ.

"ಕಾಳಾ, ಆ ಗೋಪಾಲನ ಬೆರಳು ಮುರ್ದಿದ್ದು ನಾನು. ನೀನಲ್ಲ."

ಅವನು ಗಣಪನ ಕಡೆಯೇ ನೋಡುತ್ತಿದ್ದ. "ಏನಂದೆ?"

ಎಲ್ಲ ಹೇಳಿದೆ. ಅವನು ಬಹಳ ಹೊತ್ತು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಒಂಬತ್ತು ವರ್ಷ, ವೀರಾ. ಒಂಬತ್ತು ವರ್ಷ ನನ್ ಕೈನ ನಾನೇ ನಂಬ್ಲಿಲ್ಲ ಕಣೋ." ಅಷ್ಟೇ ಹೇಳಿ ಹೊರಗೆ ನಡೆದ.

ಕಾಳ ಜಟಕಾದವನ ಪಕ್ಕದಲ್ಲಿ ಮುಖ ತಿರುಗಿಸಿ ಕುಳಿತ. ಏನಾಯಿತೆಂದು ಬಾಷಾ ಕೇಳಿದಾಗ ನಾನೇ ಹೇಳಿದೆ. ಅವನು ಬೈಯುತ್ತಾನೆಂದುಕೊಂಡಿದ್ದೆ. "ಇದನ್ನ ಹೊಟ್ಟೇಲಿ ಇಟ್ಕೊಂಡು ಸಮುದ್ರ ದಾಟಿದ್ಯಾ? ನಿಂಗೆ ಅನ್ನ ಹೆಂಗ್ ಸೇರ್ತಪ್ಪಾ ಅಲ್ಲಿ?" ಎಂದ. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ನಾವು ಬಸ್ಸು ಹತ್ತುವಾಗ ಬಾಷಾ ಹೊಸದಾಗಿ ಹದ ಕೊಟ್ಟ ಸಣ್ಣ ಉಳಿಗಳ ಕಟ್ಟೊಂದನ್ನು ತಂದು ಕಾಳನ ಕೈಗೆ ಕೊಟ್ಟ. ನನಗೆ ಕೊಡಲಿಲ್ಲ.

ದಾರಿಯುದ್ದಕ್ಕೂ ಕಾಳ ಮಾತಾಡಲಿಲ್ಲ. ಮನೆಯಲ್ಲೂ ಇಲ್ಲ. ಮಾರನೆಯ ದಿನ ನಾನು ಗಂಟು ಕಟ್ಟತೊಡಗಿದಾಗ ಮುನಿಯಮ್ಮ ತಡೆದಳು: "ಹೋದ್ರೆ ಇನ್ನೂ ಕೆಟ್ಟದಾಗತ್ತೆ ಅಣ್ಣಾ. ಇರು. ಬೈದ್ರೆ ಬೈಸ್ಕೋ." ಇದ್ದೆ. ಮೂರನೆಯ ದಿನ ಬೆಳಿಗ್ಗೆ ಚಪ್ಪರದಿಂದ ಹಗುರಾದ ಟಕಟಕ ಕೇಳಿಸಿತು. ಒರಳುಕಲ್ಲಿನ ಪೆಟ್ಟಲ್ಲ ಅದು. ಕಾಳ ದೊಡ್ಡಪ್ಪನ ಕಾಲದ ಒಂದು ಕೃಷ್ಣಶಿಲೆಯನ್ನು ಹೊರಕ್ಕೆ ತಂದು ನಿಲ್ಲಿಸಿದ್ದ.

"ನೀರ್ ತಾ," ಎಂದ ನನ್ನತ್ತ ನೋಡದೆ.

ಅಂದಿನಿಂದ ಕಲ್ಲಿಗೆ ನೀರು ಹಾಕುವುದು, ಉಳಿ ಮಸೆಯುವುದು ನನ್ನ ಕೆಲಸವಾಯಿತು. ಶ್ರೀನಿವಾಸಪುರದ ಹಿರಿಯರಿಗೆ ಹೇಳಿಕಳುಹಿಸಿದ್ದೂ ನಾನೇ. ವಾರಗಳು ಉರುಳಿದವು. ಮುಖ ಬಂತು, ತೋಳು ಬಂತು, ಕೊಳಲು ಬಂತು. ಬೆರಳಿನ ಹೊತ್ತಿಗೆ ಕಾಳ ಎರಡು ದಿನ ಸುಮ್ಮನೆ ಕಲ್ಲಿನೆದುರು ಕುಳಿತ. ಮೂರನೆಯ ದಿನ ಶುರುಮಾಡಿದ. ನಾನು ನೀರಿನ ಚೆಂಬು ಹಿಡಿದು ನೋಡುತ್ತ ನಿಂತೆ. ಉಳಿ ಕಲ್ಲನ್ನು ಕೊರೆಯುತ್ತಿದೆ ಎನಿಸಲಿಲ್ಲ, ಒಳಗಿದ್ದ ಬೆರಳಿನ ಮೇಲಿನ ಧೂಳನ್ನು ಒರೆಸುತ್ತಿದೆ ಎನಿಸಿತು. ಕಿರುಬೆರಳಿನ ಉಗುರು ಮೂಡಿದಾಗ ಅವನು ಸುತ್ತಿಗೆ ಕೆಳಗಿಟ್ಟು, ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದ.

"ಸಿಟ್ಟು ಹೋಗಿಲ್ಲ ಕಣೋ. ಕೈ ಮಾತ್ರ ವಾಪಸ್ ಬಂದಿದೆ. ಒಂದಕ್ಕೊಂದು ಗಂಟ್ ಹಾಕ್ಬೇಡ."

"ಹಾಕಲ್ಲ," ಎಂದೆ.

ವಿಗ್ರಹಕ್ಕೆ ಕಣ್ಣು ಬಿಡಿಸುವ ದಿನದವರೆಗೆ ನಾನು ಉಳಿಯುವಂತಿರಲಿಲ್ಲ. ರಜೆ ಮುಗಿದಿತ್ತು. ಮಾಲೂರಿನವರೆಗೆ ಕಾಳನೇ ಬಂದು ರೈಲು ಹತ್ತಿಸಿದ. ಕಿಟಕಿಯ ಹತ್ತಿರ ನಿಂತು, "ಅಲ್ಲಿ ಮಳೆ ಜಾಸ್ತಿನಾ?" ಎಂದು ಕೇಳಿದ. ಜಾಸ್ತಿ ಎಂದೆ. "ತಲೆ ನೋಡ್ಕೋ," ಎಂದ. ರೈಲು ಹೊರಟಿತು.

ಎರಡು ತಿಂಗಳ ಮೇಲೆ ಅವನ ಕಾಗದ ಬಂತು, ಅವನದೇ ದಪ್ಪ ಅಕ್ಷರದಲ್ಲಿ. ಗೋಪಾಲ ಗುಡಿ ಸೇರಿದನಂತೆ. ಕಣ್ಣು ಬಿಡಿಸಿದ ಮೇಲೆ ಮೊದಲ ಮಂಗಳಾರತಿಯನ್ನು ಕೆಲಸ ಮಾಡಿದವರಿಗೆ ಕೊಟ್ಟರಂತೆ. "ನಿನ್ನ ಪಾಲಿಂದೂ ನಾನೇ ತಗೊಂಡೆ. ನೀರು ಹಾಕಿದವನಿಗೂ ಪಾಲಿದೆ," ಎಂದು ಬರೆದಿದ್ದ. ಕ್ಷಮಿಸಿದ್ದೇನೆ ಎಂದು ಎಲ್ಲಿಯೂ ಬರೆದಿರಲಿಲ್ಲ. ನಾನು ಕಾಗದವನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಇಳಿದೆ.

ಶಿವಾರಪಟ್ಟಣದಲ್ಲಿದ್ದಷ್ಟು ದಿನವೂ ಜನ ನನ್ನನ್ನು ಪಿನಾಂಗಿನ ವೀರಾಚಾರಿ ಎಂದರು. ಇಲ್ಲಿ ನಮ್ಮ ಬೀದಿಯ ತಮಿಳರಿಗೆ ನಾನು ಕೋಲಾರದವನು. ಎರಡು ಕಡೆಯವರೂ ನಾನು ಇಲ್ಲದ ಊರಿನ ಹೆಸರು ಹಿಡಿದೇ ನನ್ನನ್ನು ಕರೆಯುತ್ತಾರೆ, ನಾನು ಎರಡಕ್ಕೂ ಓಗೊಡುತ್ತೇನೆ.